ಸುಣ್ಣದ ಗೆರೆಯ ರಾಜ ಮತ್ತು ಒಂಟಿ ಹೆಬ್ಬಾತು

ಚಂದರಸ ಅಂತ ಒಬ್ಬ ರಾಜ. ಅವನಿಗೊಂದು ಅಭ್ಯಾಸ. ಏನಾದರೂ ಮನಸ್ಸಿಗೆ ಹಿಡಿಸಿತೋ, ಅದರ ಸುತ್ತ ಸುಣ್ಣದಲ್ಲಿ ಗೆರೆ ಎಳೆದುಬಿಡುತ್ತಿದ್ದ. ಗಿಳಿಪಂಜರದ ಸುತ್ತ ಗೆರೆ. ಮೆಚ್ಚಿನ ಕುದುರೆಯ ಸುತ್ತ ಗೆರೆ. ಒಂದು ಸಲ ಹಲಸಿನ ಹಣ್ಣಿನ ಸುತ್ತಲೂ ಎಳೆದ, ಯಾರೂ ಮುಟ್ಟದೆ ಅದು ಅಲ್ಲೇ ಕೊಳೆತುಹೋಯಿತು. "ಗೆರೆ ಯಾರೂ ದಾಟಬಾರದು. ಒಳಗಿನದಕ್ಕೆ ನನ್ನ ಕಾವಲು. ಆಚೆಯದು ಏನಾದರೂ ಆಗಲಿ." ಇದು ಅವನ ಕಾನೂನು.

ಅವನ ಹಿಂದೆ ಸುಣ್ಣದ ಗಡಿಗೆ ಹೊತ್ತು ನಡೆಯುವವಳು ಸಣ್ಣೀರಿ. ಅವಳಿಗೆ ಬಾಯಿ ಕಡಿಮೆ, ಕಣ್ಣು ಜಾಸ್ತಿ.

ಆ ರಾಜ್ಯಕ್ಕೆ ಪ್ರತಿ ಚಳಿಗಾಲ ಹಿಮದ ಬೆಟ್ಟ ದಾಟಿ ನೂರಾರು ಹೆಬ್ಬಾತುಗಳು ಬರುತ್ತಿದ್ದವು. ಹಗಲೆಲ್ಲ ಅರಮನೆ ಕೆರೆಯಲ್ಲಿ ತೇಲುತ್ತಿದ್ದವು. ರಾಜ ಕಿಟಕಿಯಿಂದ ನೋಡಿದ, ಮನಸೋತ. ಕೆರೆಯ ಸುತ್ತ ಗೆರೆ ಎಳೆದ. ಗೆರೆಯ ಮೇಲೆ ಗೋಡೆ ಕಟ್ಟಿಸಿದ. ಕಾವಲಿಗೆ ನೂರು ಜನರನ್ನು ಇಟ್ಟ. "ಹೆಬ್ಬಾತಿನ ಚಿಂತೆ ಮುಗೀತು," ಅಂದ.

ಕೆರೆಯ ಮೆಟ್ಟಿಲು ಗುಡಿಸುತ್ತಿದ್ದ ಸಣ್ಣೀರಿಗೆ ಮಾತ್ರ ಹೆಬ್ಬಾತುಗಳ ಕಾಲಲ್ಲಿ ಕೆಂಪು ಮಣ್ಣು ಕಂಡಿತು. ಅರಮನೆ ಕೆರೆಯದು ಕಪ್ಪು ಮಣ್ಣು.

"ಅಜ್ಜೀ, ಸಂಜೆ ಎಲ್ಲಿಗೆ ಹೋಗ್ತೀರಿ?" ಅಂತ ಮುದಿ ಹೆಬ್ಬಾತನ್ನು ಕೇಳಿದಳು.

"ಮೇಯೋಕೆ ಹುಲ್ಲುಕಟ್ಟೆಗೆ, ಮಲಗೋಕೆ ಜೊಂಡುಕೊಳಕ್ಕೆ. ದೂರದಿಂದ ದಣಿದು ಬಂದಾಗ ಮೊದಲು ಇಳಿಯೋದು ಗಡಿಯ ಕಲ್ಲುಹಳ್ಳದಲ್ಲಿ. ಈ ಕೆರೆ ನಮಗೆ ಜಗಲಿ ಇದ್ದ ಹಾಗೆ, ಮಗಳೇ. ಬರೀ ಜಗಲಿ ಮೇಲೆ ಸಂಸಾರ ಮಾಡೋಕಾಗುತ್ತಾ?"

ಮೊದಲನೇ ವರ್ಷ ಮಂತ್ರಿ ಬಂದ. "ಒಡೆಯಾ, ಕಲ್ಲುಹಳ್ಳ ಬತ್ತಿಸಿ ಕಬ್ಬು ಹಾಕೋಣವಾ?"

"ಗೆರೆಯ ಒಳಗಿದೆಯೋ?"

"ಆಚೆ ಇದೆ."

"ಮತ್ತೆ ನನ್ನನ್ನೇನು ಕೇಳ್ತೀ?"

ಸಣ್ಣೀರಿ ಬಾಯಿ ತೆರೆದಳು. ಮಂತ್ರಿ ತಿರುಗಿ ನೋಡಿದ. ಅವಳು ಸೊಂಟದ ಗಡಿಗೆ ಸರಿಮಾಡಿಕೊಂಡಳು. ಮುಂದಿನ ಚಳಿಗೆ ಅರ್ಧ ಹೆಬ್ಬಾತುಗಳು ಬಂದವು.

ಎರಡನೇ ವರ್ಷ ಮಂತ್ರಿ ಹುಲ್ಲುಕಟ್ಟೆ ಕೇಳಿದ, ಇಟ್ಟಿಗೆ ಸುಡೋಕೆ. ಅದೂ ಗೆರೆಯ ಆಚೆ. ಸಣ್ಣೀರಿ, "ಒಡೆಯಾ..." ಅಂದಳು.

"ಏನೇ?"

"ಏನಿಲ್ಲ. ಸುಣ್ಣ ಇನ್ನೂ ಬೇಕಾ ಅಂತ."

ಮುಂದಿನ ಚಳಿಗೆ ಬಂದವು ಹತ್ತೇ.

ಮೂರನೇ ವರ್ಷ ಜೊಂಡುಕೊಳವೂ ಹೋಯಿತು. ಆ ಸಲ ಸಣ್ಣೀರಿ ಬಾಯಿಯನ್ನೇ ತೆರೆಯಲಿಲ್ಲ.

ಚಳಿ ಬಂತು. ಒಂದೇ ಹೆಬ್ಬಾತು ಬಂತು. ಅದೇ ಮುದಿ ಹೆಬ್ಬಾತು, ಎದೆಮೂಳೆ ಕಾಣುವಷ್ಟು ಸೊರಗಿತ್ತು. ಅದು ಸಣ್ಣೀರಿಯನ್ನು ನೋಡಿತು. ಬೈಯಲಿಲ್ಲ. ಬೈದಿದ್ದರೆ ಅವಳು ತಲೆ ಎತ್ತುತ್ತಿದ್ದಳೋ ಏನೋ.

ರಾಜ ಕೆಂಡವಾದ. "ನೂರು ಜನ ಕಾವಲು! ಇಷ್ಟೆತ್ತರ ಗೋಡೆ! ಇವಕ್ಕೆ ನಾನೇನು ಕಡಿಮೆ ಮಾಡಿದ್ದೆ? ಇದರ ರೆಕ್ಕೆ ಕತ್ತರಿಸಿ. ಇದಾದರೂ ಇಲ್ಲೇ ಬಿದ್ದಿರಲಿ."

ಕತ್ತರಿ ಬಂತು. ಆಗ ಸಣ್ಣೀರಿಯ ಬಾಯಿಂದ ಮಾತು ಹೊರಬಿತ್ತು. "ಒಡೆಯಾ, ಅದಕ್ಕೆ ಮೊದಲು ಒಂದು ಗೆರೆ ಬಾಕಿ ಇದೆ. ರಾಜ್ಯದಲ್ಲಿ ಎಲ್ಲರಿಗೂ ಪ್ರೀತಿಯದ್ದು ಒಂದಿದೆ. ಅದಕ್ಕೇ ಕಾವಲಿಲ್ಲ."

"ಅದ್ಯಾವುದೇ?"

"ನೀವು."

ರಾಜ ಹಿಗ್ಗಿಹೋದ. "ನೋಡ್ರೋ, ಇದು ನಿಮಗ್ಯಾರಿಗೂ ಹೊಳೀಲಿಲ್ಲ!" ಕತ್ತರಿ ಪಕ್ಕಕ್ಕಿಟ್ಟು ಮಂಚ ಹತ್ತಿ ಕೂತ. ಸಣ್ಣೀರಿ ಮಂಚದ ಸುತ್ತ ದಪ್ಪಗೆ ಗೆರೆ ಎಳೆದಳು. ನೂರು ಕಾವಲುಗಾರರು ಸುತ್ತ ನಿಂತರು.

ಬೆಳಗ್ಗೆ ರಾಜ ಸಣ್ಣೀರಿಯನ್ನು ಕೇಳಿದ, "ರೊಟ್ಟಿ ಎಲ್ಲಿ?"

"ಅಡುಗೆಮನೆ ಗೆರೆಯ ಆಚೆ ಇತ್ತು ಒಡೆಯಾ. ಕುದುರೆ ಕಟ್ಟೋಕೆ ಕೊಟ್ಟುಬಿಟ್ವಿ."

ಮಧ್ಯಾಹ್ನ ಕೇಳಿದ, "ನೀರಾದರೂ ಕೊಡ್ರೋ."

"ಬಾವಿಯೂ ಆಚೆ. ಮುಚ್ಚಿಸಿದ್ವಿ."

ಸಂಜೆ ಹೊತ್ತಿಗೆ ರಾಜ ಮಂಚದ ಮೇಲೆ ಒದ್ದಾಡುತ್ತಿದ್ದ. "ಸಣ್ಣೀರಿ... ಬಚ್ಚಲು?"

"ಅದೂ ಆಚೆ, ಒಡೆಯಾ. ಮಂತ್ರಿಗಳು ಸೌದೆ ತುಂಬಿಸಿದ್ದಾರೆ."

ಕಾವಲುಗಾರರು ಮೀಸೆಯೊಳಗೇ ನಕ್ಕರು. ರಾಜ ಗೆರೆ ನೋಡಿದ. ಕಿಟಕಿಯಾಚೆ ಒಂಟಿ ಹೆಬ್ಬಾತನ್ನು ನೋಡಿದ. ಅವನ ಮುಖ ಸುಣ್ಣದಷ್ಟೇ ಬೆಳ್ಳಗಾಯಿತು. ತನ್ನ ಕಾಲಿಂದಲೇ ಗೆರೆ ಅಳಿಸಿ ಕೆಳಗಿಳಿದ.

ಬಚ್ಚಲ ಸೌದೆ ಸರಿಸಿ ಹೋಗಿಬಂದ ಮೇಲೆ ಸಣ್ಣೀರಿಯನ್ನು ಕೇಳಿದ, "ನಿನಗೆ ಗೊತ್ತಿತ್ತಲ್ಲ. ಮೊದಲೇ ಯಾಕೆ ಹೇಳಲಿಲ್ಲ?"

"ಎರಡು ಸಲ ಬಾಯಿಗೆ ಬಂದಿತ್ತು, ನುಂಗಿದೆ. ಮೂರನೇ ಸಲ ಬರಲೇ ಇಲ್ಲ."



ಆಮೇಲೆ ರಾಜ ಕಲ್ಲುಹಳ್ಳಕ್ಕೆ ನೀರು ಬಿಡಿಸಿದ. ಹುಲ್ಲುಕಟ್ಟೆಯ ಇಟ್ಟಿಗೆ ಗೂಡು ಕೀಳಿಸಿದ. ಹೆಬ್ಬಾತುಗಳು ನಿಮ್ಮಲ್ಲಿ ಎಲ್ಲೆಲ್ಲಿ ಇಳಿಯುತ್ತವೆ ಅಂತ ಅವುಗಳ ದಾರಿಯಲ್ಲಿರುವ ರಾಜರಿಗೆಲ್ಲ ಓಲೆ ಬರೆದ. ಜೊಂಡುಕೊಳದ ಜೊಂಡು ಮಾತ್ರ ಅಪ್ಪಣೆಗೆ ಬೆಳೆಯಲಿಲ್ಲ. ಅದಕ್ಕೆ ಮೂರು ಮಳೆಗಾಲ ಬೇಕಿತ್ತು.

ಇದರ ನೀತಿ ಇಷ್ಟೇ, ಮಕ್ಕಳೇ. ದೂರದಿಂದ ಬಂದುಹೋಗುವ ಜೀವಕ್ಕೆ ನಮ್ಮ ಕಣ್ಣಿಗೆ ಕಾಣುವ ಜಾಗ ಕಾದರೆ ಸಾಲದು, ಅದರ ದಾರಿಯನ್ನೆಲ್ಲ ಕಾಯಬೇಕು. ಗೊತ್ತಿದ್ದೂ ಸುಮ್ಮನಿದ್ದವರಿಗೂ ತಪ್ಪಿನಲ್ಲಿ ಪಾಲಿದೆ.

ಆ ಚಳಿಗಾಲ ಮುಗಿದು ಬಿಸಿಲು ಏರಿತು. ಮುದಿ ಹೆಬ್ಬಾತು ಹೊರಟು ನಿಂತಿತು. ಅದರ ಕಾಲಲ್ಲಿ ಈ ಸಲ ಕಪ್ಪು ಮಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಸಣ್ಣೀರಿ ಮೆಟ್ಟಿಲ ಮೇಲೆ ಪೊರಕೆ ಹಿಡಿದು ನಿಂತಿದ್ದಳು. ಅದು ರೆಕ್ಕೆ ಬಿಚ್ಚಿತು, ಗೋಡೆ ದಾಟಿತು, ಉತ್ತರಕ್ಕೆ ತಿರುಗಿತು. ಆಗ ಅವಳು ಜೀವಮಾನದಲ್ಲೇ ಮೊದಲ ಸಲ ಗಟ್ಟಿಯಾಗಿ ಕೂಗಿದಳು.

"ಅಜ್ಜೀ, ಮುಂದಿನ ಚಳಿಗೆ ಬಾ. ಉಳಿದವರು ಯಾರಾದರೂ ಇದ್ದರೆ ಕರ್ಕೊಂಡು ಬಾ!"