ಟಪ್ ಅಂದ ಲಾರಿ, ಹೂಂ ಅಂದ ಗುಡ್ಡಪ್ಪ

ಹೈವೇ ಬದಿಯ ನಮ್ಮೂರಲ್ಲಿ ಪೆದ್ದರಿಗೇನೂ ಬರಗಾಲವಿಲ್ಲ. ಆದರೆ ಫಕೀರವ್ವನ ಮಗ ಗುಡ್ಡಪ್ಪನಂಥ ಪೆದ್ದ ಅವನೊಬ್ಬನೇ. ಆಳು ಆರಡಿ, ವಯಸ್ಸು ಇಪ್ಪತ್ತಾರು, ತುಂಬಿದ ಚೀಲವನ್ನು ಒಂದೇ ಕೈಯಲ್ಲಿ ಎತ್ತುವ ಶಕ್ತಿ. ಹೇಳಿದ ಮಾತನ್ನು ಒಂದು ದಿನವೂ ಮೀರಿದವನಲ್ಲ. ತೊಂದರೆ ಬಂದದ್ದೇ ಅಲ್ಲಿ! "ಬಾಗಿಲು ನೋಡ್ಕೊಂಡಿರಪಾ" ಅಂತ ಹೇಳಿ ತಾಯಿ ಸಂತೆಗೆ ಹೋದರೆ, ಇವನು ಬಾಗಿಲನ್ನೇ ನೋಡುತ್ತ ಕೂತ. ಕಿಟಕಿಯಿಂದ ಬಂದ ಬೆಕ್ಕು ಹಾಲೆಲ್ಲ ಕುಡಿದು, ಅವನ ಮುಂದೆಯೇ ಮೀಸೆ ಒರೆಸಿಕೊಂಡು ಹೋಯಿತು.

"ಯಾಕಲೇ ಓಡಿಸಲಿಲ್ಲ?"

"ಬೆಕ್ಕು ನೋಡು ಅಂತ ನೀ ಹೇಳಿರಲಿಲ್ಲ, ಯವ್ವಾ."

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. ಪಾಪ, ಅವಳಿಗೆ ಇರುವುದು ಇವನೊಬ್ಬನೇ ಮಗ. ಗಂಡ ತೀರಿಕೊಂಡ ಮೇಲೆ ಉಳಿದದ್ದು ಒಂದು ಹಳೇ ಲಾರಿ. ಅದನ್ನು ಓಡಿಸುವವನು ಅವಳ ತಮ್ಮ ದ್ಯಾಮಪ್ಪ. ಗುಡ್ಡಪ್ಪ ಅದರ ಕ್ಲೀನರ್. ಆ ಲಾರಿ ಉರುಳಿದರೆ ಮನೆಯಲ್ಲಿ ರೊಟ್ಟಿ, ಇಲ್ಲದಿದ್ದರೆ ಇಲ್ಲ.

ಅಂಥ ಲಾರಿಗೆ ಒಂದು ಸಪ್ಪಳ ಶುರುವಾಯಿತು ನೋಡಿ. ಮುಂದಿನ ಗಾಲಿ ಗುಂಡಿಗೆ ಬಿದ್ದರೆ, ಟಪ್! ಸ್ಟೇರಿಂಗ್ ತಿರುಗಿಸಿದರೆ, ಟಪ್! ಸಪಾಟು ರಸ್ತೆಯಲ್ಲಿ ಏನೂ ಇಲ್ಲ. ಹೈವೇ ಮೇಲಿನ ಗ್ಯಾರೇಜುಗಳ ಇಬ್ಬರು ಮಿಸ್ತ್ರಿಗಳು ನೋಡಿದರು. ಒಬ್ಬ ಇದನ್ನು ಬದಲಿಸಿದ, ಇನ್ನೊಬ್ಬ ಅದನ್ನು ಬದಲಿಸಿದ. "ಈಗ ಸರಿ ಆತು" ಅಂದರು ಇಬ್ಬರೂ. ಊರ ಹೊರಗಿನ ಮೊದಲ ಗುಂಡಿಯಲ್ಲೇ ಲಾರಿ ಮತ್ತೆ ಟಪ್ ಅಂದಿತು.

ದ್ಯಾಮಪ್ಪ ಮಂಗಳವಾರ ಬೆಳಿಗ್ಗೆ ಕೀಲಿಕೈ ತಂದು ಅಕ್ಕನ ಕೈಗೆ ಕೊಟ್ಟ. "ಅಕ್ಕಾ, ಮೆಣಸಿನಕಾಯಿ ಲೋಡು ಹೇರ್ಕೊಂಡು ಘಟ್ಟ ಇಳೀಬೇಕು ನಾನು. ಮುಂದಿನ ಗಾಲಿ ಕೈ ಕೊಟ್ರ ನನ್ನ ಹೆಣಾನೂ ಸಿಗಂಗಿಲ್ಲ. ಗುರುವಾರ ಮುಂಜಾನೆ ಬರ್ತೀನಿ. ಸಪ್ಪಳ ಎಲ್ಲಿಂದ ಬರ್ತೈತಿ ಅಂತ ಖಾತ್ರಿ ಆದ್ರ ಹತ್ತತೀನಿ. ಇಲ್ಲಂದ್ರ ಬ್ಯಾರೆ ಲಾರಿ ನೋಡ್ಕೊಂತೀನಿ. ಸಿಟ್ಟಾಗಬ್ಯಾಡ."

ಸಿಟ್ಟು ಎಲ್ಲಿಂದ ಬರಬೇಕು? ಅವನು ಹೇಳಿದ್ದರಲ್ಲಿ ತಪ್ಪೇನಿದೆ?

ಊರಲ್ಲಿ ಇಮಾಮಸಾಬ ಅಂತ ಒಬ್ಬ ಹಳೇ ಮಿಸ್ತ್ರಿ ಇದ್ದ. ಫಕೀರವ್ವ ಮಗನನ್ನು ಕರೆದಳು. "ಇಮಾಮಸಾಬ ಕಾಕಾನ ಕಡೆ ಹೋಗು. ನಮ್ಮ ಲಾರಿ ಹೆಂಗ ಸಪ್ಪಳ ಮಾಡ್ತೈತೋ ಹಂಗss ಮಾಡಿ ತೋರಿಸು. ಒಂದೀಟು ಹೆಚ್ಚು ಬ್ಯಾಡ, ಒಂದೀಟು ಕಡಿಮಿ ಬ್ಯಾಡ."

"ಹೂಂ ಯವ್ವಾ."

ಹೋದ. ಇಮಾಮಸಾಬ ಗ್ಯಾರೇಜಿನ ಮುಂದೆ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. "ಏನೋ ಗುಡ್ಡಪ್ಪ?" ಗುಡ್ಡಪ್ಪ ಸುಮ್ಮನೆ ನಿಂತ. "ಯಾಕ ಬಂದೀಯೋ?" ಆಗಲೂ ಸುಮ್ಮನೆ. ನಿಂತದ್ದು ಸಪಾಟು ನೆಲ, ಸಪ್ಪಳ ಮಾಡುವುದಾದರೂ ಹೇಗೆ? ಆಚೆ ಈಚೆ ನೋಡಿದ. ಪಕ್ಕದಲ್ಲೇ ಗಾಡಿ ತೊಳೆದ ನೀರು ನಿಂತ ಗುಂಡಿ ಕಂಡಿತು. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಂತೆ ಮಾಡಿ, ಡುರ್‍ರ್‍ರ್ ಅಂತ ಓಡಿ ಬಂದು, ಎಡಗಾಲನ್ನು ಗುಂಡಿಗೆ ಇಳಿಸಿದ. "ಟಪ್!"

ಕೆಸರೆಲ್ಲ ಇಮಾಮಸಾಬನ ಬಿಳೀ ಜುಬ್ಬಾದ ಮೇಲೆ. ಚಹಾದ ಕಪ್ಪಿನಲ್ಲೂ ಒಂದಿಷ್ಟು.

"ನಡಿಯೋ ಇಲ್ಲಿಂದ, ಹುಚ್ಚಪ್ಪಾ!" ಅಂದ ಮಿಸ್ತ್ರಿ. ಒಳ್ಳೇ ಮನುಷ್ಯ, ಹೊಡೆಯಲಿಲ್ಲ. ಜುಬ್ಬಾ ಹಿಂಡುತ್ತ, "ನಿಮ್ಮ ಲಾರಿ ಸಪ್ಪಳದ್ದಲ್ಲೇನು? ನಾಳೆ ನಾನss ಬರ್ತೀನಿ ಅಂತ ನಿಮ್ಮವ್ವಗ ಹೇಳು" ಅಂದ.

ಮನೆಯಲ್ಲಿ ಮಂಗಳಾರತಿ ಆಯಿತು. "ಲೇ ಖೋಡಿ! ಹಿರ್‍ಯಾರ ಮುಂದ ಹಂಗ ಕುಣೀತಾರೇನು? ಬಾಜೂಕ ಸುಮ್ನ ಕುಂತು, ಅವರು ಹೇಳಿದ್ದನ್ನ ಅಷ್ಟss ಮಾಡಬೇಕು!"

"ಹೂಂ ಯವ್ವಾ."

ಬುಧವಾರ ಬೆಳಿಗ್ಗೆ ಇಮಾಮಸಾಬ ಬಂದ. ಲಾರಿಯ ಸುತ್ತ ಒಂದು ಸುತ್ತು ಹಾಕಿದ. ಜೇಬಿನಿಂದ ಒಂದು ತುಂಡು ಖಡು ತೆಗೆದು, ಶಾಲೆಯ ಹಲಗೆ ಮೇಲೆ ಬರೆಯುವ ಅದೇ ಬಿಳೀ ಖಡು, ಗುಡ್ಡಪ್ಪನ ಕೈಗಿಟ್ಟ. "ಬಾಜೂಕ ಕುಂದ್ರು. ನಾ ಲಾರಿ ಅಲುಗಾಡಿಸ್ತೀನಿ. ಎಲ್ಲಿ ಟಪ್ ಅಂತೈತೋ ಅಲ್ಲಿ ಒಂದು ಗೀಟು ಎಳಿ. ಗೊತ್ತಾತಿಲ್ಲೋ?"

"ಹೂಂ ಕಾಕಾ."

ಗುಡ್ಡಪ್ಪ ಉಸಿರು ಬಿಗಿ ಹಿಡಿದು ಕೂತ. ಇಮಾಮಸಾಬ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂರಲು ಹೋದ. ಎಪ್ಪತ್ತರ ಮೊಣಕಾಲು ನೋಡಿ, ಟಪ್ ಅಂದಿತು! ಗುಡ್ಡಪ್ಪ ಬಗ್ಗಿ ಮೊಣಕಾಲಿನ ಮೇಲೆ ಗೀಟು ಎಳೆದ. ಮಿಸ್ತ್ರಿ ಬೆಚ್ಚಿ ಎದ್ದ. ಇನ್ನೊಂದು ಮೊಣಕಾಲು, ಟಪ್! ಅಲ್ಲೂ ಗೀಟು. ಸೊಂಟ ಹಿಡಿದುಕೊಂಡ, ಸೊಂಟವೂ ಲಟಕ್ ಅಂದಿತು. ಗುಡ್ಡಪ್ಪ ಅಂಗಿ ಎತ್ತಿ ಅಲ್ಲೂ ಗೀಟು ಎಳೆದು, "ಕಾಕಾ, ಮೂರು ಕಡೆ ಐತಿ" ಅಂದ.

ಒಳಗಿನಿಂದ ಫಕೀರವ್ವ ಓಡಿ ಬಂದಳು. "ಅಯ್ಯ ನನ್ನ ಕರ್ಮವೇ! ವಯಸ್ಸಾದವರ ಕೀಲು ಸಪ್ಪಳ ಮಾಡಿದ್ರ ಗೀಟು ಎಳೀತಾರೇನೋ? ಬಿಸಿ ಎಣ್ಣಿ ಹಚ್ಚಿ, ತಿಕ್ಕಿ, ಬಿಸಿನೀರು ಹಾಕಿ, ಬೆಚ್ಚಗ ಅರಿವಿ ಸುತ್ತಬೇಕು!"

"ಹೂಂ ಯವ್ವಾ."

ಇಮಾಮಸಾಬ ಗ್ರೀಸ್ ತುಂಬುವ ಎರಡು ಮೂತಿ ಒರೆಸಿ ನೋಡಿ, ಲಾರಿ ಎತ್ತುವ ದೊಡ್ಡ ಜಾಕ್ ತರಲು ಗ್ಯಾರೇಜಿಗೆ ಹೋದ. ಹೋಗುವ ಮುಂದೆ ಬಂಪರಿನ ಮೇಲೆ ಭಾರ ಹಾಕಿ ಎದ್ದಾಗ ಲಾರಿ ಒಂದಿಷ್ಟು ಅಲುಗಿತು. ಟಪ್!

ಗುಡ್ಡಪ್ಪ ಯೋಚನೆ ಮಾಡಿದ. ಈ ಲಾರಿ ಅಪ್ಪನ ಕಾಲದ್ದು. ತನಗಿಂತ ಹಿರಿಯದು. ಅಂದ ಮೇಲೆ ಇದಕ್ಕೂ ವಯಸ್ಸಾಗಿದೆ!

ಮಿಸ್ತ್ರಿ ಜಾಕ್ ಹೊತ್ತು ಬಂದು ನೋಡುತ್ತಾನೆ, ಮುಂದಿನ ಗಾಲಿಯ ಹಿಂದೆ ಎಲ್ಲ ಕೊಬ್ಬರಿ ಎಣ್ಣೆ. ಸಂದು ಸಂದಿನಿಂದ ಬಿಸಿನೀರು ತೊಟ್ಟಿಕ್ಕುತ್ತಿದೆ. ಲಾರಿಯ ಭಾರ ಹೊರುವ ಕಮಾನು ಪಟ್ಟಿಗೆ ಫಕೀರವ್ವನ ಇಳಕಲ್ ಸೀರೆ ಸುತ್ತಿದೆ. ಗುಡ್ಡಪ್ಪ ಕೆಳಗೆ ಅಂಗಾತ ಮಲಗಿ, "ಈಗ ನೋವು ಕಮ್ಮಿ ಆತೇನ?" ಅಂತ ಕೇಳುತ್ತಿದ್ದಾನೆ. ಯಾರನ್ನು? ಲಾರಿಯನ್ನು!

"ಯಾ ಅಲ್ಲಾ!" ಅಂದ ಇಮಾಮಸಾಬ. "ಇಲ್ಲಿ ರಬ್ಬರು ಐತೋ, ಎಣ್ಣಿ ಬಿದ್ರ ಹಾಳಾಕ್ಕೈತಿ! ಒರೆಸು ಎಲ್ಲಾ! ಸಪ್ಪಳ ಬರೋದು ಯಾಕಂತೀ? ಏನರ ಸಡ್ಲ ಆಗಿರ್ತೈತಿ. ಎಣ್ಣಿ ಹಚ್ಚಬಾರದು. ಸಡ್ಲ ಇದ್ದದ್ದನ್ನ ಬಿಗಿ ಮಾಡಬೇಕು. ತಲ್ಯಾಗ ಹೋತೇನು?"

"ಹೂಂ ಕಾಕಾ."

ಒರೆಸುವುದಕ್ಕೇ ಮಧ್ಯಾಹ್ನವಾಯಿತು. ಮಿಸ್ತ್ರಿ ನಮಾಜಿಗೆ ಹೋದ. ಅದೇ ಹೊತ್ತಿಗೆ ಮೆಣಸಿನಕಾಯಿ ಸಾವ್ಕಾರ ಬಂದ. ಹೊಟ್ಟೆ ದೊಡ್ಡದು, ಧೋತರ ಜಾರುತ್ತಿತ್ತು. "ಫಕೀರವ್ವಾ, ನಾಳೆ ಮಧ್ಯಾಹ್ನದೊಳಗ ಲಾರಿ ಹೊಂಡಬೇಕು. ಇಲ್ಲಂದ್ರ ಬ್ಯಾರೆ ಲಾರಿಗೆ ಹೇರಸ್ತೀನಿ" ಅಂತ ಹೇಳುತ್ತ, ಧೋತರ ಮೇಲೆ ಎಳೆದುಕೊಂಡು, "ಥೂ, ಇದೊಂದು ಸಡ್ಲ ಆಗೇತಿ" ಅಂದ.

ಗುಡ್ಡಪ್ಪನ ಕಿವಿ ನೆಟ್ಟಗಾಯಿತು.

ಲಾರಿ ಹತ್ತಿ ಲೋಡು ಬಿಗಿಯುವ ಹಗ್ಗ ತಂದ. ಸಾವ್ಕಾರನ ಸೊಂಟಕ್ಕೆ ಎರಡು ಸುತ್ತು ಹಾಕಿ, ಬೆನ್ನಿಗೆ ಕಾಲು ಕೊಟ್ಟು, ಮೂವತ್ತು ಚೀಲ ಬಿಗಿಯುವ ಹಾಗೆ "ಹೈಸಾ!" ಅಂತ ಜಗ್ಗಿದ. ಸಾವ್ಕಾರನ ಕಣ್ಣು ಮೇಲಾಯಿತು. "ಅಯ್ಯಯ್ಯೋ! ಉಸಿರು! ಬಿಡಲೇ!"

"ಇನ್ನೊಂದು ಗಂಟು ಐತ್ರಿ, ಸಾವ್ಕಾರ್‍ರ."

ಫಕೀರವ್ವ ಬಂದು ಕುಡುಗೋಲಿನಿಂದ ಹಗ್ಗ ಕತ್ತರಿಸಿ ಬಿಡಿಸಿದಳು. ಕೈ ಮುಗಿದು, ಕಾಲಿಗೆ ಬೀಳುವಷ್ಟು ಬಗ್ಗಿ, ಸಾವ್ಕಾರನನ್ನು ಕಳಿಸಿದಳು. ಅವನು ಲೋಡು ಕೊಡುವುದಿಲ್ಲ ಅನ್ನಲಿಲ್ಲ, ಅದೇ ಪುಣ್ಯ. ಆಮೇಲೆ ಮಗನ ಕಡೆ ತಿರುಗಿದಳು. "ಈ ಹಗ್ಗ ಎಲ್ಲೀದು? ಲಾರಿದಲ್ಲೇನು? ಲಾರಿ ಸಾಮಾನು ಯಾಕ ಹೊರಗ ತಂದೀ? ಎಲ್ಲಿಂದ ತಂದ ಸಾಮಾನೋ ಅಲ್ಲೇ ವಾಪಸ್ ಇಡಬೇಕು! ಯಾವ ಸಾಮಾನಾದ್ರೂ ಅಷ್ಟss! ಸಾಯೋತನಕ ನೆನಪಿಟ್ಕೊ!"

"ಹೂಂ ಯವ್ವಾ. ಸಾಯೋತನಕ."

ಮಿಸ್ತ್ರಿ ಮರಳಿ ಬಂದ. ಈ ಸಲ ಗುಡ್ಡಪ್ಪನಿಗೆ ಒಂದೇ ಕೆಲಸ: ಬಂಪರಿನ ಮೇಲೆ ನಿಂತು ಕುಣಿಯುವುದು. ಅದನ್ನು ಚೆನ್ನಾಗಿಯೇ ಮಾಡಿದ. ಇಮಾಮಸಾಬ ಕೆಳಗೆ ಮಲಗಿ, ಕಣ್ಣು ಮುಚ್ಚಿ, ಒಂದೊಂದು ಕೀಲಿನ ಮೇಲೂ ಅಂಗೈ ಇಟ್ಟು ನೋಡಿದ. ಕಿವಿಗೆ ಸಿಗದ ಸಪ್ಪಳ ಕೈಗೆ ಸಿಗುತ್ತದೆ ಅಂತ ಅವನ ನಂಬಿಕೆ. ಎಡಗಡೆ ಕಮಾನು ಪಟ್ಟಿಯ ತುದಿಯನ್ನು ಹಿಡಿದಿಡುವ ಒಂದು ಪಿನ್ ಇರುತ್ತದಲ್ಲ, ಅದರ ಮೇಲೆ ಕೈ ಇಟ್ಟಾಗ, ಟಪ್! ಅಂಗೈಗೆ ಗುದ್ದಿದಂತಾಯಿತು.

"ಸಿಕ್ತು!" ಅಂದ.

ಸುತ್ತಿಗೆಯಿಂದ ಹೊಡೆದು ಪಿನ್ ಹೊರಗೆ ತೆಗೆದರೆ, ನಡುವೆ ಸವೆದು ಸವೆದು ಅರ್ಧ ಆಗಿತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಹೊಸ ಪಿನ್ ಬಂತು, ಕೂತಿತು. ಇಮಾಮಸಾಬ ತಾನೇ ಲಾರಿ ಓಡಿಸಿ, ಫಕೀರವ್ವನನ್ನೂ ಪಕ್ಕದಲ್ಲಿ ಕೂಡಿಸಿಕೊಂಡು, ಊರಿನ ಹೆಸರಾಂತ ಗುಂಡಿಗಳಲ್ಲೆಲ್ಲ ಇಳಿಸಿ ಹತ್ತಿಸಿದ. ಸಪ್ಪಳವಿಲ್ಲ! ಫಕೀರವ್ವನ ಕಣ್ಣಲ್ಲಿ ನೀರು ಬಂತು. ಸೆರಗಲ್ಲಿ ಒರೆಸಿಕೊಂಡು ನಕ್ಕಳು.

ನಮ್ಮ ಕಡೆ ಮಿಸ್ತ್ರಿಗಳದ್ದೊಂದು ಪದ್ಧತಿ. ಹೊಸ ಸಾಮಾನು ಹಾಕಿದ ಮೇಲೆ ಹಳೇದನ್ನು ಯಜಮಾನರ ಕೈಗೇ ಒಪ್ಪಿಸಬೇಕು. ಇಮಾಮಸಾಬ ಸವೆದ ಪಿನ್ನನ್ನು ಚಿಂದಿಯಲ್ಲಿ ಸುತ್ತಿ ಕೊಟ್ಟ. "ದ್ಯಾಮಪ್ಪಗ ಇದನ್ನ ತೋರಸಬೇ, ತಂಗೀ. ಬಾಯಿಮಾತಿಗೆ ಅಂವ ನಂಬಂಗಿಲ್ಲ. ಜಾಕ್ ಇಲ್ಲೇ ಇರ್ಲಿ, ನಾಳೆ ಒಯ್ತೀನಿ."

ಫಕೀರವ್ವ ರೊಟ್ಟಿ ಹಿಟ್ಟಿಗೆ ಕೈ ಹಾಕಿದ್ದಳು. "ಗುಡ್ಡಪ್ಪಾ, ಈ ಪಿನ್ ಜ್ವಾಕಿಲೆ ಇಡಪಾ."

"ಎಲ್ಲಿ ಇಡ್ಲಿ, ಯವ್ವಾ?"

"ಸಾಮಾನು ಎಲ್ಲಿ ಇಡಬೇಕಂತ ಈಗರ ಹೇಳಿಲ್ಲೇನು ನಿನಗ? ಮತ್ತ ಮತ್ತ ಕೇಳ್ತೀಯಲ್ಲ!"

"ಹೂಂ ಯವ್ವಾ."

ಸಂಜೆವರೆಗೂ ಹೊರಗೆ ಠಣ್ ಠಣ್ ಅಂತ ಸುತ್ತಿಗೆ ಸಪ್ಪಳ. ಮಗ ಏನೋ ಕೆಲಸ ಹಚ್ಚಿಕೊಂಡಿದ್ದಾನೆ, ಬುದ್ಧಿ ಬಂತು ಅಂತ ಫಕೀರವ್ವ ಅವನಿಗೆ ಒಂದು ರೊಟ್ಟಿ ಹೆಚ್ಚೇ ಬಡಿದಳು.

ಗುರುವಾರ ಬೆಳಿಗ್ಗೆ ದ್ಯಾಮಪ್ಪ ಬಂದ. ಸುದ್ದಿ ಕೇಳಿ, ಚೀಲ ಸೀಟಿನ ಮೇಲಿಟ್ಟು, ಲಾರಿ ಚಾಲೂ ಮಾಡಿದ. ಓಣಿ ಬಾಯಿಗೆ ಬಂದ, ಸ್ಟೇರಿಂಗ್ ತಿರುಗಿಸಿದ.

ಟಪ್!

ಫಕೀರವ್ವನ ಮುಖ ಬಿಳುಪೇರಿತು. ದ್ಯಾಮಪ್ಪ ಲಾರಿ ನಿಲ್ಲಿಸಿ ಚೀಲ ಹೆಗಲಿಗೆ ಹಾಕಿ ಇಳಿದ. "ಅಕ್ಕಾ, ಇದು ಆ ಇಬ್ಬರ ಕತಿನss ಆತು. ನಾ ಹೊಂಟೆ."

"ತಡಿಯೋ ತಮ್ಮಾ! ಪಿನ್ ಬದಲಿಸಿದ್ದು ನಾನss ನೋಡೇನಿ! ನಿನ್ನೆ ಊರ ಗುಂಡ್ಯಾಗೆಲ್ಲ ಅಡ್ಡಾಡಿ ಬಂದೀವಿ, ಒಂದು ಸಪ್ಪಳ ಇರಲಿಲ್ಲ! ಗುಡ್ಡಪ್ಪಾ, ಆ ಹಳೇ ಪಿನ್ ತಗೊಂಡು ಬಾ, ಮಾಮಾಗ ತೋರಿಸು!"

"ಇಲ್ಲೇ ಐತಲ್ಲ, ಯವ್ವಾ." ಗುಡ್ಡಪ್ಪ ಬಗ್ಗಿ ಎಡಗಾಲಿಯ ಹಿಂದೆ ಬೆರಳು ತೋರಿಸಿದ. "ಎಲ್ಲಿಂದ ತೆಗೆದಿದ್ರೋ ಅಲ್ಲೇ ಇಟ್ಟೇನಿ. ಜಾಕ್ ಹಾಕಿ, ಹೊಡೆದು, ಬಿಗಿ ಮಾಡೇನಿ. ಭಾಳ ತ್ರಾಸಾತು."

ದ್ಯಾಮಪ್ಪ ಲಾರಿ ಕೆಳಗೆ ತೂರಿದ. ಪಿನ್ ಮುಟ್ಟಿ ನೋಡಿದ. ಹೊರಗೆ ಬಂದಾಗ ಅವನ ಹೊಟ್ಟೆ ಕುಣಿಯುತ್ತಿತ್ತು. ನಗು ತಡೆಯಲಾರದೆ ನೆಲದ ಮೇಲೇ ಕೂತುಬಿಟ್ಟ.

"ಅಕ್ಕಾ! ಹೊಸಾದು ಹಾಕಿದ್ರ ಸಪ್ಪಳ ಹೋತು. ಹಳೇದು ಹಾಕಿದ್ರ ಬಂತು. ಅಂದ್ರ ಸಪ್ಪಳ ಇದರದ್ದss, ಬ್ಯಾರೆ ಎಲ್ಲೂ ಇಲ್ಲ! ಇದಕ್ಕಿಂತ ಖಾತ್ರಿ ಇನ್ಯಾವುದು ಬೇಕು? ಆ ಇಬ್ಬರು ಶಾಣ್ಯಾ ಮಿಸ್ತ್ರಿಗಳು ತೋರಸಲಾರದ್ದನ್ನ ಈ ಪೆದ್ದ ತೋರಿಸಿದ ನೋಡು!" ಹೆಗಲಿನ ಚೀಲ ತೆಗೆದು ಮತ್ತೆ ಸೀಟಿನ ಮೇಲೆ ಎಸೆದ. "ಕೊಡು ಹೊಸ ಪಿನ್. ಇಮಾಮಣ್ಣನ್ನ ಕರೀರಿ. ತಾಸಿನ್ಯಾಗ ಹಾಕಿಸಿ, ಮಧ್ಯಾಹ್ನದೊಳಗ ಲೋಡು ಹೇರ್ಕೊಂಡು ಹೊಂಡ್ತೀನಿ."

ಫಕೀರವ್ವನಿಗೆ ಹೋದ ಜೀವ ಬಂದಂತಾಯಿತು. ಎರಡೂ ಕೈಯಲ್ಲಿ ಮಗನ ಗಲ್ಲ ಸವರಿದಳು. "ನನ್ನ ಬಂಗಾರಾ! ಕೊಡಪಾ, ಆ ಹೊಸ ಪಿನ್ ಎಲ್ಲಿ?"

"ಅದು ಅಂಗಡ್ಯಾಗಿಂದ ತಂದಿದ್ದಲ್ಲೇನ, ಯವ್ವಾ?" ಅಂದ ಗುಡ್ಡಪ್ಪ. "ಅಂಗಡ್ಯಾಗ ಇಟ್ಟು ಬಂದೆ."

ಬೈಯಲು ಫಕೀರವ್ವ ಬಾಯಿ ತೆರೆದಳು. ಹೊಸ ಬುದ್ಧಿಮಾತೊಂದು ನಾಲಿಗೆಯ ತುದಿಗೇ ಬಂದಿತ್ತು. ತಟ್ಟನೆ ಬಾಯಿ ಮುಚ್ಚಿಕೊಂಡು, ಚಪ್ಪಲಿ ಮೆಟ್ಟಿ, ತಾನೇ ಅಂಗಡಿ ಕಡೆ ಓಡಿದಳು.

ಹಿಂದಿನಿಂದ ಗುಡ್ಡಪ್ಪ ಕೂಗಿದ: "ಯವ್ವಾ! ನೀ ಏನೂ ಹೇಳದss ಹೊಂಟೀಯಲ್ಲ, ನಾ ಈಗ ಏನ್ ಮಾಡ್ಲಿ?"