ಬಿಳಿಯಜ್ಜಿಯೂ ದಡಾರಪ್ಪನ ಶಾಲೂ

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆಯಿದ್ದ ಕಾಲ. ಗಾಳಿ, ಹೊಳೆ, ನೊಣ ಎಲ್ಲವೂ ಮಾತಾಡುತ್ತಿದ್ದವು. ನಮ್ಮ ಮೈಯೊಳಗಿನವರೂ ಸುಮ್ಮನಿರುತ್ತಿರಲಿಲ್ಲ.

ಹೊನ್ನಿ ಎಂಬ ಹುಡುಗಿಯ ನೆತ್ತರಿನಲ್ಲಿ ಬಿಳಿಯಜ್ಜಿ ಇದ್ದಳು. ಮೈಯ ಕಾವಲು ಅವಳದೇ. ಆದರೆ ಅಜ್ಜಿಗೆ ಉಪಚಾರದ ಹುಚ್ಚು. ಯಾರೇ ಬರಲಿ, ಮೊದಲು ನೀರು, ಬೆಲ್ಲ. "ಯಾವೂರು, ಯಾರ ಪೈಕಿ?" ಎಂದು ಕೇಳುವುದು ಆಮೇಲೆ. ದಣಿದು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುವುದು ಮರ್ಯಾದೆಯೇ?

ಒಂದು ದಿನ ಗಾಳಿಯ ಬೆನ್ನೇರಿ, ಮೂಗಿನ ಬಾಗಿಲಿಂದ ದಡಾರಪ್ಪ ಬಂದ. ಹೆಗಲ ಮೇಲೆ ಕೆಂಪು ಚುಕ್ಕೆಯ ಶಾಲು. ಅಜ್ಜಿ ಬೆಲ್ಲ ಕೊಟ್ಟಳು. ತಿಂದ, ಇಬ್ಬರಾದ. ಇನ್ನೊಂದಚ್ಚು ಕೊಟ್ಟಳು. ನಾಲ್ವರಾದರು. ಮತ್ತೆ ಬೆಲ್ಲ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಜಗಲಿ ತುಂಬ ಶಾಲುಗಳೇ!

ಹೊರಗೆ ಹೊನ್ನಿ ಆಟ ಬಿಟ್ಟು ಮಲಗಿಬಿಟ್ಟಳು. ಅವಳ ಹಾಡೂ ನಿಂತಿತು.

"ಅಜ್ಜೀ, ಹುಡುಗೀಗೆ ಉಸಿರಾಡೋಕೂ ತ್ರಾಣ ಇಲ್ಲ," ಎಂದು ಗಾಳಿ ಕೂಗಿತು. "ನಿನ್ ನೆಂಟ ಅವಳನ್ನೇ ತಿಂತಾವ್ನೆ!"

ಹೊನ್ನಿ ಹೋದರೆ ಇನ್ನೇನಿದೆ? ಅಜ್ಜಿ ಕಣ್ಣೊರೆಸಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏನಪ್ಪಾ, ಯಾರ ಪೈಕಿ ನೀನು?"

ದಡಾರಪ್ಪ ತಡವರಿಸಿದ. "ಅದೂ... ನಿಮ್ ಪೈಕೀನೇ..."

"ನಮ್ ಪೈಕಿಯೋರು ನಂಗೊತ್ತಿಲ್ವಾ? ಉಂಡ ಮನೆ ಜಂತೆ ಎಣಿಸ್ತೀಯಾ!"

ಅಜ್ಜಿ ಶಾಲು ಹಿಡಿದೆಳೆದಳು. ಪರ್ರೆಂದು ಒಂದು ಚೂರು ಕೈಗೆ ಬಂತು. ಒಲೆಗೆ ಸೌದೆ ಒಟ್ಟಿದಳು. ಒಳಗೆ ನೆಂಟರು ಶೆಕೆಗೆ ಕಂಗಾಲಾದರು, ಹೊರಗೆ ಹೊನ್ನಿಯ ಹಣೆ ಕಾದ ಹೆಂಚಾಯಿತು. ನೆತ್ತರ ಹೊಳೆಯುದ್ದಕ್ಕೂ ಅಜ್ಜಿ ಮೊಮ್ಮಕ್ಕಳನ್ನು ಕೂಗಿ ಚೂರು ತೋರಿಸಿದಳು.

"ಈ ಚುಕ್ಕೆ ನೋಡ್ಕಳ್ರೋ! ಇಂಥ ಶಾಲು ಎಲ್ಲಿ ಕಂಡ್ರೂ ಬಿಡ್ಬ್ಯಾಡಿ!"

ಮೊಮ್ಮಕ್ಕಳು ಹೋ ಎಂದು ಮುಗಿಬಿದ್ದರು. ಒಂದು ಶಾಲೂ ಉಳಿಯಲಿಲ್ಲ. ಹೊನ್ನಿ ಬೆವತಳು, ಎದ್ದು ಕೂತಳು, "ಅವ್ವಾ, ಗಂಜಿ!" ಎಂದಳು. ಅಜ್ಜಿ ಕುಣಿದೇಬಿಟ್ಟಳು, ಆ ವಯಸ್ಸಿನಲ್ಲಿ!

ಶಾಲಿನ ಚೂರನ್ನು ಎಲೆಅಡಿಕೆ ಸಂಚಿಯಲ್ಲಿ ಜೋಪಾನವಾಗಿಟ್ಟಳು. ಮುಂದೊಮ್ಮೆ ದಡಾರಪ್ಪ ಹಲ್ಲು ಕಿರಿಯುತ್ತ ಬಂದಾಗ ಸಂಚಿ ಬಿಚ್ಚಿ, ಶಾಲಿಗೆ ಚೂರು ಹಿಡಿದು ನೋಡಿದಳು. "ಬಾರಪ್ಪಾ, ನೀನ್ಯಾರ ಪೈಕಿ ಅಂತ ನಂಗೊತ್ತು!" ಅವನು ಕೂರುವ ಮೊದಲೇ ಮೊಮ್ಮಕ್ಕಳು ಅಟ್ಟಿಸಿಕೊಂಡು ಹೋದರು. ಬೆಲ್ಲದ ಮಾತೇ ಇಲ್ಲ.

ಅದಕ್ಕೇ ಒಮ್ಮೆ ದಡಾರ ಬಂದವರಿಗೆ ಅದು ಮತ್ತೆ ಬರುವುದು ಅಪರೂಪ. ಅದಕ್ಕೇ ಈಗ ಅವನು ಬರುವ ಮುಂಚೆಯೇ ಸೂಜಿಯಲ್ಲಿ ಅವನ ಶಾಲಿನ ಚೂರನ್ನು ಒಳಗೆ ಕಳಿಸುತ್ತಾರೆ. ಚುಚ್ಚಿದ ತೋಳು ಸಂಜೆಗೆ ಬೆಚ್ಚಗಾದರೆ ಅಳಬೇಡ ಕಂದಾ, ಒಳಗೆ ಬಿಳಿಯಜ್ಜಿ ಒಲೆ ಹಚ್ಚಿ, ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಆ ಚುಕ್ಕೆ ತೋರಿಸುತ್ತಿದ್ದಾಳೆ.