ಜರ್ನಲಜ್ಜಿ ಕೂತೇ ಇದ್ದದ್ದು

ಸೋಮವಾರ ಬೆಳಿಗ್ಗೆ, ಕರೆಂಟು ಹೋಗಿ ಕೆಲಸದ ನಡುವೆ ನಿಂತಿದ್ದ ಡಿಸ್ಕೊಂದನ್ನು ಕೋರ್ಟಿನ ಕೇಸಿಗೆ ಸಾಕ್ಷಿಯೆಂದು ಪೊಲೀಸರು ತಂದು ಕಂಪ್ಯೂಟರಿನ ಮುಂದಿಟ್ಟರು.

“ಅಣ್ಣಾ, ಒಂದಕ್ಷರ ಬದಲಾದರೂ ಕೋರ್ಟು ನನ್ನನ್ನು ನಂಬದು,” ಎಂದಿತು ಡಿಸ್ಕು.

“ನಾನು ಓದುವವನಷ್ಟೇ,” ಎಂದಿತು ಕಂಪ್ಯೂಟರು.

“ನಿನ್ನ ಭಯವಲ್ಲ, ಒಳಗೆ ಕೂತು ಪ್ರತಿ ಬರಹದ ದಿನಚರಿ ಇಡುವ ಜರ್ನಲಜ್ಜಿಯ ಭಯ. ಅರ್ಧಕ್ಕೆ ನಿಂತ ಬರಹದ ನೆನಪೆಲ್ಲ ಅವಳಲ್ಲಿದೆ. ಬಾಗಿಲು ತೆರೆದರೆ ಸಾಕು, ತಿದ್ದಿ ಮುಗಿಸಲು ಎದ್ದುಬಿಡುತ್ತಾಳೆ.”

“ನೆಂಟರು ಬಂದಾಗ ಮನೆ ಹರವಿಕೊಂಡಿರಬೇಕೇನೋ?” ಎಂದು ಅಜ್ಜಿ ಒಳಗಿಂದಲೇ ಗದರಿದಳು.

ಕಂಪ್ಯೂಟರು ಮೊದಲು ಡಿಸ್ಕಿಗೆ ಏನೂ ಬರೆಯಲಾಗದಂತೆ ತಡೆ ಹಾಕಿ, ಆಮೇಲೆ ಬಾಗಿಲು ತೆರೆಯಿತು. “ಅಜ್ಜೀ, ಕೂತೇ ಇರಿ. ಬಾಕಿ ಏನಿದೆಯೆಂದು ಬಾಯಲ್ಲಿ ಹೇಳಿ, ನನ್ನ ನೆನಪಿನಲ್ಲೇ ಮುಗಿಸಿಕೊಳ್ಳುತ್ತೇನೆ.”

ಕೇಳುವವರು ಸಿಕ್ಕ ಖುಷಿಗೆ ಅಜ್ಜಿ ಏಳುವುದನ್ನೇ ಮರೆತಳು.

ಓದು ಮುಗಿದ ಮೇಲೆ ಡಿಸ್ಕು ಬಂದಾಗಿನ ಲೆಕ್ಕದೊಂದಿಗೆ ತನ್ನನ್ನು ತಾಳೆ ನೋಡಿಕೊಂಡಿತು. ಬದಲಾದ ಅಕ್ಷರ ಸೊನ್ನೆ.